ವಿಕಾಸ ನಿಜವಾದರೆ ನಾವು ಕೈಮುಗಿಯೋದು ಯಾರಿಗೆ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಹನ್ನೊಂದು ವರ್ಷದಿಂದ ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ, ಚಟನೂಗಾ ಹತ್ತಿರ ಇದ್ದೇವೆ. ಮಗ ಒಂಬತ್ತನೇ ತರಗತಿ. ಅವನ ಆಪ್ತ ಗೆಳೆಯನ ಮನೆಯವರು ತುಂಬ ಒಳ್ಳೆಯವರು, ಚರ್ಚಿಗೆ ತಪ್ಪದೆ ಹೋಗುವವರು. ಕಳೆದ ಬೇಸಿಗೆ ರಜೆಯಲ್ಲಿ ಅವರ ಜೊತೆ ಮಗ ಕೆಂಟಕಿಗೆ ಹೋಗಿ ಬೈಬಲ್ಲಿನ ಪ್ರಳಯದ ಕತೆಯಲ್ಲಿ ಬರುವ ನೋಹನ ಹಡಗಿನ ದೊಡ್ಡ ಪ್ರತಿಕೃತಿ ನೋಡಿ ಬಂದ. ಅದರೊಳಗೆ ಡೈನೋಸಾರ್‌ಗಳೂ ಇವೆಯಂತೆ, ಭೂಮಿಗೆ ಆರು ಸಾವಿರ ವರ್ಷವಂತೆ. ಈಗ ಶಾಲೆಯಲ್ಲಿ ವಿಕಾಸದ ಪಾಠ ಬಂದಿದೆ. ಟೀಚರ್ "ಇದು ಒಂದು ಥಿಯರಿ ಅಷ್ಟೇ, ಎರಡೂ ಕಡೆ ವಾದ ಇದೆ, ನೀವೇ ತೀರ್ಮಾನ ಮಾಡಿ" ಎಂದು ಎರಡೇ ಪಿರಿಯಡ್‌ನಲ್ಲಿ ಮುಗಿಸಿದರಂತೆ. ಊರಿಂದ ಬಂದಿರುವ ನಮ್ಮತ್ತೆ "ಡಾರ್ವಿನ್ ಹೇಳೋದೇನು, ನಮ್ಮ ದಶಾವತಾರದಲ್ಲೇ ಎಲ್ಲ ಇದೆ" ಅನ್ನುತ್ತಾರೆ. ನಮ್ಮವರು "ಮಾರ್ಕ್ಸ್ ಬಂದರೆ ಸಾಕು, ಬಿಡು" ಅನ್ನುತ್ತಾರೆ. ಮೊನ್ನೆ ಸಂಜೆ ದೇವರಿಗೆ ದೀಪ ಹಚ್ಚುವಾಗ ಮಗ ಕೇಳಿದ: "ಅಮ್ಮಾ, ಎವಲ್ಯೂಷನ್ ನಿಜ ಆದರೆ ನಾವು ಕೈಮುಗಿಯೋದು ಯಾರಿಗೆ?" ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವನಿಗೆ ಏನು ಹೇಳಲಿ? ಟೀಚರ್ ಹತ್ತಿರ ಮಾತಾಡಬೇಕೇ, ಸುಮ್ಮನಿರಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕ ಹೆಣೆದುಕೊಂಡಿವೆ. ಮಗ ಶಾಲೆಯಲ್ಲಿ ವಿಜ್ಞಾನವನ್ನು ಸರಿಯಾಗಿ ಕಲಿಯುತ್ತಿಲ್ಲವೇನೋ ಎನ್ನುವುದು ಒಂದು. ಸರಿಯಾಗಿ ಕಲಿತರೆ ದೀಪದ ಮುಂದೆ ಕೈಮುಗಿಯುವುದನ್ನು ಬಿಟ್ಟುಬಿಡುತ್ತಾನೇನೋ ಎನ್ನುವುದು ಇನ್ನೊಂದು. ಎರಡನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲ, ಆದರೂ ಪತ್ರದ ತುಂಬ ಅದೇ ಇದೆ. ಇಪ್ಪತ್ತೆರಡು ವರ್ಷದಿಂದ ಜೀವವಿಕಾಸ ಪಾಠ ಮಾಡುತ್ತಿದ್ದೇನೆ. ಈ ಎರಡನ್ನೂ ಬಿಡಿಸಿ ನೋಡದೆ ಮಾತಾಡಿದಾಗಲೆಲ್ಲ ಮಾತು ಕೆಟ್ಟಿದೆ.

ಮೊದಲು "ಥಿಯರಿ ಅಷ್ಟೇ" ಎನ್ನುವ ಮಾತು. ನಾವು ದಿನಬಳಕೆಯಲ್ಲಿ "ಅದೆಲ್ಲ ಥಿಯರಿ ಕಣಪ್ಪ, ಪ್ರಾಕ್ಟಿಕಲ್ ಆಗಿ ನಡೆಯಲ್ಲ" ಅನ್ನುತ್ತೇವೆ. ವಿಜ್ಞಾನದಲ್ಲಿ ಥಿಯರಿ ಎಂದರೆ ಹಾಗಲ್ಲ. ಸಾವಿರಾರು ಸಂಗತಿಗಳನ್ನು ಒಂದೇ ದಾರದಲ್ಲಿ ಪೋಣಿಸಿ, ಮುಂದೆ ಏನು ಸಿಗಬೇಕು ಎಂದು ಮೊದಲೇ ಹೇಳಿ, ಆ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಗೆದ್ದ ವಿವರಣೆಗೆ ಅಲ್ಲಿ ಥಿಯರಿ ಎಂಬ ಹೆಸರು. ರೋಗಾಣುಗಳಿಂದ ಕಾಯಿಲೆ ಬರುತ್ತದೆ ಎನ್ನುವುದೂ ಥಿಯರಿಯೇ. ಕನ್ನಡದಲ್ಲಿ ನಮಗೆ ಇನ್ನೂ ಒಂದು ತೊಡಕಿದೆ. ನಾವು "ವಿಕಾಸವಾದ" ಅನ್ನುತ್ತೇವೆ. "ವಾದ" ಅಂದ ಕೂಡಲೇ ಎದುರಿಗೆ ಒಬ್ಬ ಪ್ರತಿವಾದಿ ಕೂತ ಹಾಗೆ ಕೇಳಿಸುತ್ತದೆ. "ವಿಕಾಸ" ಅಂದರೆ ಅರಳುವುದು, ಮೇಲಕ್ಕೇರುವುದು. ಜೀವಿಗಳು ಬದಲಾಗುತ್ತವೆ ನಿಜ, ಮೇಲಕ್ಕೇ ಏರುತ್ತವೆ ಎಂದೇನಿಲ್ಲ. ಇನ್ನು "ಮಂಗನಿಂದ ಮಾನವ" ಎನ್ನುವ ನಮ್ಮ ಜನಪ್ರಿಯ ಮಾತು ಮಾಡಿರುವ ಹಾನಿ ಅಷ್ಟಿಷ್ಟಲ್ಲ. "ಹಾಗಾದರೆ ಮಂಗಗಳು ಇನ್ನೂ ಯಾಕಿವೆ?" ಎಂಬ ಪ್ರಶ್ನೆ ಹುಟ್ಟುವುದೇ ಅದರಿಂದ. ಚಿಂಪಾಂಜಿ ನಮಗೆ ಅಜ್ಜ ಅಲ್ಲ, ದಾಯಾದಿ. ನಮಗೂ ಅದಕ್ಕೂ ಒಬ್ಬ ಮೂಲಪುರುಷನಿದ್ದ, ಸುಮಾರು 60-70 ಲಕ್ಷ ವರ್ಷಗಳ ಹಿಂದೆ. ದೊಡ್ಡಪ್ಪನ ಮಗ ಊರಲ್ಲಿ ಇನ್ನೂ ತೋಟ ನೋಡಿಕೊಂಡಿದ್ದಾನೆ ಅನ್ನುವ ಕಾರಣಕ್ಕೆ ನೀವು ಟೆನೆಸ್ಸಿಗೆ ಹೋದದ್ದು ಸುಳ್ಳಾಗುವುದಿಲ್ಲವಲ್ಲ.

"ಯಾರೂ ಕಣ್ಣಾರೆ ಕಂಡಿಲ್ಲ" ಎಂದು ನಿಮ್ಮ ಮಗನ ಗೆಳೆಯ ಇಂದಲ್ಲ ನಾಳೆ ಹೇಳುತ್ತಾನೆ. ನಾನು ಕಂಡಿದ್ದೇನೆ. ಬಾಳೆಹಣ್ಣಿನ ಮೇಲೆ ಮುತ್ತುವ ಪುಟ್ಟ ಹಣ್ಣುನೊಣಗಳನ್ನು ಲ್ಯಾಬಿನಲ್ಲಿ ಗಾಜಿನ ಸೀಸೆಗಳಲ್ಲಿ ಸಾಕುತ್ತೇವೆ. ಬಾಳೆಹಣ್ಣು, ಬೆಲ್ಲ ಬೇಯಿಸಿದ ಗಂಜಿ ಅವುಗಳ ಊಟ. ಕಾರಿಡಾರಿಗೆಲ್ಲ ಅದರದೇ ವಾಸನೆ. ಮೊಟ್ಟೆಯಿಂದ ನೊಣವಾಗಲು ಸುಮಾರು ಹತ್ತು ದಿನ ಬೇಕು. ಪ್ರತಿ ಪೀಳಿಗೆಯಲ್ಲೂ ಎಲ್ಲಕ್ಕಿಂತ ಮೊದಲು ಹೊರಬಂದ ನೊಣಗಳನ್ನಷ್ಟೇ ಮುಂದಿನ ಪೀಳಿಗೆಗೆ ಇಟ್ಟುಕೊಂಡೆವು. ಐವತ್ತು ಪೀಳಿಗೆ ಕಳೆಯುವಷ್ಟರಲ್ಲಿ ಅವು ಒಂದು ದಿನಕ್ಕೂ ಹೆಚ್ಚು ಬೇಗ ಹೊರಬರುತ್ತಿದ್ದವು. ಜೊತೆಗೆ ಮೈ ಸಣ್ಣಗಾಗಿತ್ತು, ಇಡುವ ಮೊಟ್ಟೆಯೂ ಕಡಿಮೆಯಾಗಿತ್ತು. ಒಂದು ಕಡೆ ಗಳಿಸಿದ್ದಕ್ಕೆ ಇನ್ನೊಂದು ಕಡೆ ಬೆಲೆ ತೆತ್ತಿದ್ದವು. ಹುಟ್ಟಿನಲ್ಲಿ ಬರುವ ಸಣ್ಣ ವ್ಯತ್ಯಾಸಗಳು ಆಕಸ್ಮಿಕ. ಅವುಗಳಲ್ಲಿ ಯಾವುದು ಉಳಿಯುತ್ತದೆ ಎನ್ನುವುದು ಆಕಸ್ಮಿಕವಲ್ಲ. "ಎಲ್ಲ ತಾನೇ ತಾನಾಗಿ ಆಗಿಬಿಟ್ಟಿತೇ?" ಎನ್ನುವವರು ಮರೆಯುವುದು ಈ ಎರಡನೇ ಅರ್ಧವನ್ನು.

ನಮ್ಮ ಮೈಸೂರು, ಚಾಮರಾಜನಗರದ ಕಾಡಂಚಿನ ಜೇನುಕುರುಬರಲ್ಲಿ, ಸೋಲಿಗರಲ್ಲಿ ಕುಡಗೋಲು ಕಣ ರೋಗ (ಸಿಕಲ್ ಸೆಲ್, ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಕಾಯಿಲೆ) ಕಾಣುತ್ತದೆ. ಅದಕ್ಕೆ ಕಾರಣವಾದ ಗುಣಾಣು (ಜೀನ್) ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಗು ನರಳುತ್ತದೆ. ಒಬ್ಬರಿಂದಷ್ಟೇ ಬಂದರೆ ಮಲೇರಿಯಾ ಉಲ್ಬಣಿಸದ ಹಾಗೆ ಕಾಯುತ್ತದೆ. ಮಲೇರಿಯಾ ಕಾಡಿದ ಎಷ್ಟೋ ನಾಡುಗಳಲ್ಲಿ ಅದು ಉಳಿದುಕೊಂಡದ್ದು ಹೀಗೆ. ಇದನ್ನು ಯಾರಾದರೂ "ಅರಳುವಿಕೆ" ಎಂದು ಕರೆದಾರೇ?

"ನೊಣ ನೊಣವಾಗಿಯೇ ಉಳಿಯಿತಲ್ಲ, ಮನುಷ್ಯನ ಕತೆ ಬೇರೆ" ಎಂದು ಗೆಳೆಯ ವಾದಿಸಬಹುದು. ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ನಾನು ಕೊಡುವ ಉತ್ತರ ನಮ್ಮ ಮೈಯ ಪ್ರತಿ ಜೀವಕೋಶದೊಳಗೇ ಇದೆ. ಮನುಷ್ಯರಿಗೆ 23 ಜೊತೆ ಕ್ರೋಮೋಸೋಮ್, ಅಂದರೆ ಗುಣಾಣುಗಳನ್ನು ಹೊತ್ತ ಎಳೆಗಳು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಮೂರಕ್ಕೂ 24 ಜೊತೆ. ನಾವೆಲ್ಲ ಒಂದೇ ಮನೆತನದವರಾದರೆ ನಮ್ಮ ಒಂದು ಜೊತೆ ಎಲ್ಲಿ ಹೋಯಿತು? ಸುಮ್ಮನೆ ಕಳೆದುಹೋಗಿದ್ದರೆ ಜೀವ ಉಳಿಯುತ್ತಿರಲಿಲ್ಲ. ಹಾಗಾಗಿ ಎರಡು ಸೇರಿ ಒಂದಾಗಿರಬೇಕು, ಸೇರಿದ ಗುರುತು ಇರಬೇಕು. ಪ್ರತಿ ಕ್ರೋಮೋಸೋಮಿನ ಎರಡು ತುದಿಗಳಲ್ಲೂ ಒಂದೇ ಬಗೆಯ ಆರಕ್ಷರದ ಬರಹ ಸಾಲುಸಾಲಾಗಿ ಇರುತ್ತದೆ, ಸೆರಗಿನ ತುದಿಗೆ ಕುಚ್ಚು ಕಟ್ಟಿದ ಹಾಗೆ. ತುದಿಯಲ್ಲಿರಬೇಕಾದ ಕುಚ್ಚು ಸೀರೆಯ ನಡುಮಧ್ಯೆ ಸಿಕ್ಕಿದರೆ ಏನರ್ಥ? ಎರಡು ಸೀರೆಗಳನ್ನು ಸೆರಗಿಗೆ ಸೆರಗು ಸೇರಿಸಿ ಹೊಲಿದಿದ್ದಾರೆ ಎಂದೇ ಅಲ್ಲವೇ? ನಮ್ಮ ಎರಡನೇ ಕ್ರೋಮೋಸೋಮಿನ ಒಡಲಲ್ಲಿ ಅಂಥ ಕುಚ್ಚು ಎದುರುಬದುರಾಗಿ ಸೇರಿರುವುದು 1991ರಲ್ಲಿ ಸಿಕ್ಕಿತು. ಅದರ ಜೊತೆಗೆ, ಈಗ ಕೆಲಸ ಮಾಡದ ಎರಡನೇ ಸೆಂಟ್ರೋಮಿಯರಿನ (ಪ್ರತಿ ಕ್ರೋಮೋಸೋಮಿಗೂ ಒಂದೇ ಇರುವ ಸೊಂಟದಂಥ ಭಾಗದ) ಅವಶೇಷವೂ ಅಲ್ಲಿದೆ. ನಾನು ತರಗತಿಯಲ್ಲಿ ಚಿಂಪಾಂಜಿಯ ಎರಡು ಕ್ರೋಮೋಸೋಮ್‌ಗಳನ್ನೂ ನಮ್ಮದೊಂದನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಪಟ್ಟೆಗೆ ಪಟ್ಟೆ ಹೊಂದುವುದನ್ನು ನೋಡಿ ಹುಡುಗರು ಒಂದು ಕ್ಷಣ ಮಾತಾಡುವುದಿಲ್ಲ. ನಿಮ್ಮ ಮಗನಿಗೂ ಆ ಚಿತ್ರ ತೋರಿಸಿ.

ಜೀವ ಮೊತ್ತಮೊದಲು ಹೇಗೆ ಹುಟ್ಟಿತು ಎನ್ನುವುದು ಇನ್ನೂ ಪೂರ್ತಿ ಬಿಡಿಸಲಾಗದ ಒಗಟು. ಅದನ್ನು ಅವನಿಗೆ ಮುಚ್ಚಿಡಬೇಡಿ. ಹುಟ್ಟಿದ ಜೀವ ಕವಲೊಡೆದು ಬೆಳೆದದ್ದರ ಬಗ್ಗೆ, ಭೂಮಿಗೆ ಸುಮಾರು 454 ಕೋಟಿ ವರ್ಷ ಎನ್ನುವುದರ ಬಗ್ಗೆ, ವಿಜ್ಞಾನದೊಳಗೆ ಎರಡು ಪಕ್ಷಗಳಿಲ್ಲ.

ಹಾಗಾದರೆ ಜಗಳ ಬಂದದ್ದು ಎಲ್ಲಿಂದ? ನೀವಿರುವ ಜಾಗಕ್ಕೆ ಹತ್ತಿರದಲ್ಲೇ, ಕಾರಿನಲ್ಲಿ ಒಂದು ಗಂಟೆಯೂ ಹಿಡಿಯದ ಡೇಟನ್ ಎಂಬ ಸಣ್ಣ ಊರಿದೆ. ಮನುಷ್ಯ ಕೆಳಸ್ತರದ ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸಕೂಡದೆಂದು 1925ರಲ್ಲಿ ಟೆನೆಸ್ಸಿ ಕಾನೂನು ಮಾಡಿತು. ಅದನ್ನು ಪರೀಕ್ಷಿಸಲು ಜಾನ್ ಸ್ಕೋಪ್ಸ್ ಎಂಬ ಇಪ್ಪತ್ತನಾಲ್ಕರ ಹರೆಯದ ಮೇಷ್ಟ್ರು ಆರೋಪಿಯಾಗಲು ಒಪ್ಪಿದ. ಜುಲೈ ತಿಂಗಳ ಸೆಕೆಯಲ್ಲಿ ವಿಚಾರಣೆ ನಡೆದು ಅವನಿಗೆ 100 ಡಾಲರ್ ದಂಡ ಬಿತ್ತು. ಆ ಕಾನೂನಿನ ಪರ ನಿಂತ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರನ್ನು ಮೂರ್ಖ ಧರ್ಮಾಂಧ ಎಂಬಂತೆ ತೋರಿಸುವುದು ರೂಢಿಯಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ವಿಕಾಸದ ಹೆಸರಿನಲ್ಲಿ "ಬಲವಿದ್ದವನೇ ಬದುಕಲಿ" ಎಂಬ ಕ್ರೌರ್ಯ ಸಮಾಜಕ್ಕೆ ಬರುತ್ತದೆ ಎಂದು ಆತ ನಿಜವಾಗಿ ಹೆದರಿದ್ದರು. ಆ ಹೆದರಿಕೆಗೆ ಆಧಾರವಿತ್ತು. ಸ್ಕೋಪ್ಸ್ ಬಳಸಿದ ಪಠ್ಯಪುಸ್ತಕದಲ್ಲೇ ಮನುಷ್ಯರನ್ನು ಬಣ್ಣದ ಪ್ರಕಾರ ಮೇಲು ಕೀಳು ಮಾಡಿ ಬರೆದ ಪುಟಗಳಿದ್ದವು. ಅದು ವಿಜ್ಞಾನವಲ್ಲ, ವಿಜ್ಞಾನದ ಅಂಗಿ ತೊಟ್ಟ ಅಹಂಕಾರ. ಇನ್ನೊಂದು ಮಾತು. ಕಟಕಟೆಯಲ್ಲಿ ಬ್ರಯನ್ ಅವರೇ ಬೈಬಲ್ಲಿನ ಸೃಷ್ಟಿಯ ಆರು ದಿನಗಳು ಇಪ್ಪತ್ತನಾಲ್ಕು ಗಂಟೆಯ ದಿನಗಳೇ ಆಗಬೇಕಿಲ್ಲ ಎಂದು ಒಪ್ಪಿದ್ದರು. ಆರು ಸಾವಿರ ವರ್ಷದ ಭೂಮಿ, ಪ್ರಳಯದಲ್ಲೇ ಆದ ಪಳೆಯುಳಿಕೆ ಎಂಬ ನಂಬಿಕೆ ಅಮೆರಿಕದಲ್ಲಿ ಜೋರಾಗಿ ಹಬ್ಬಿದ್ದು 1960ರ ದಶಕದಿಂದ ಈಚೆಗೆ. ನಿಮ್ಮ ಮಗ ನೋಡಿ ಬಂದ ಹಡಗು 2016ರಲ್ಲಿ ಬಾಗಿಲು ತೆರೆದದ್ದು. "ಇದೇ ಸನಾತನ ಕ್ರೈಸ್ತ ನಂಬಿಕೆ" ಎಂದು ಅವನು ತಿಳಿದಿದ್ದರೆ, ಅದು ಈ ರೂಪದಲ್ಲಿ ಹಬ್ಬಿದ್ದು ಅಷ್ಟು ಹಳೆಯ ಸಂಗತಿಯಲ್ಲ ಎಂದು ಹೇಳಬಹುದು.

ಮುಂದೆ ಕೋರ್ಟುಗಳಲ್ಲಿ ಒಂದೊಂದೇ ಬಾಗಿಲು ಮುಚ್ಚುತ್ತಾ ಬಂತು. ವಿಕಾಸ ಕಲಿಸುವುದನ್ನು ನಿಷೇಧಿಸಬಾರದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. ಅದರ ಜೊತೆ ಸೃಷ್ಟಿವಾದವನ್ನೂ, ಅಂದರೆ ಜೀವಿಗಳನ್ನು ದೇವರೇ ನೇರವಾಗಿ ಸೃಷ್ಟಿಸಿದ ಎನ್ನುವುದನ್ನೂ, ಕಲಿಸಲೇಬೇಕೆಂದು ಕಡ್ಡಾಯ ಮಾಡಬಾರದು ಎಂದು 1987ರಲ್ಲಿ ಹೇಳಿತು. ಆಗ ಸೃಷ್ಟಿವಾದ "ಬುದ್ಧಿಪೂರ್ವಕ ವಿನ್ಯಾಸ" (ಇಂಟೆಲಿಜೆಂಟ್ ಡಿಸೈನ್) ಎಂದು ಹೆಸರು ಬದಲಿಸಿಕೊಂಡಿತು. ಪೆನ್ಸಿಲ್ವೇನಿಯಾದ ಡೋವರ್ ಊರಿನ ಶಾಲೆಗಳ ಮೊಕದ್ದಮೆಯಲ್ಲಿ ಆ ಬದಲಾವಣೆ ಸಿಕ್ಕಿಬಿದ್ದ ಬಗೆಯನ್ನು ನಾನು ಮರೆಯಲಾರೆ. ವಿನ್ಯಾಸವಾದದ ಪುಸ್ತಕವೊಂದರ ಹಳೆಯ ಕರಡುಗಳನ್ನು ಕೋರ್ಟಿಗೆ ತರಿಸಲಾಯಿತು. "ಸೃಷ್ಟಿವಾದಿಗಳು" ಎಂದಿದ್ದ ಕಡೆಯಲ್ಲೆಲ್ಲ "ವಿನ್ಯಾಸದ ಪ್ರತಿಪಾದಕರು" ಎಂದು ತಿದ್ದಿದ್ದರು. ಒಂದು ಕಡೆ ಅವಸರದಲ್ಲಿ ಹಳೆಯ ಪದದ ತಲೆಯೂ ಬಾಲವೂ ಹಾಗೇ ಉಳಿದು, ನಡುವೆ ಹೊಸ ಪದ ಸಿಕ್ಕಿಕೊಂಡಿತ್ತು. ಎರಡು ಪ್ರಾಣಿಗಳ ನಡುವಿನ ಕೊಂಡಿಯಂತಹ ಪಳೆಯುಳಿಕೆ ಕಾಗದದ ಮೇಲೇ ಸಿಕ್ಕಂತಾಯಿತು. ಇದು ವಿಜ್ಞಾನವಲ್ಲ, ಧಾರ್ಮಿಕ ನಂಬಿಕೆ ಎಂದು ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರಿನಲ್ಲಿ ತೀರ್ಪಿತ್ತರು. ಅಲ್ಲಿ ವಿಕಾಸದ ಪರ ಸಾಕ್ಷಿ ಹೇಳಿ, ನಾನು ಮೇಲೆ ಹೇಳಿದ ಎರಡನೇ ಕ್ರೋಮೋಸೋಮಿನ ಕತೆಯನ್ನು ಕೋರ್ಟಿನ ಮುಂದಿಟ್ಟ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಶ್ರದ್ಧಾವಂತ ಕ್ಯಾಥೊಲಿಕ್. ವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಎಂದು 1973ರಲ್ಲಿ ಬರೆದ ತಳಿವಿಜ್ಞಾನಿ ಡಾಬ್‌ಜಾನ್‌ಸ್ಕಿ ಕೂಡ ದೇವರನ್ನು ನಂಬಿದವರು. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ವಿಕಾಸವನ್ನು ಬರೀ ಊಹೆಗಿಂತ ಹೆಚ್ಚಿನದು ಎಂದು ಒಪ್ಪಿದರು. "ಕ್ರೈಸ್ತರು ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ" ಎಂಬ ಚಿತ್ರ ನಿಮ್ಮ ಮಗನ ಮನಸ್ಸಿನಲ್ಲಿ ಕೂರುವುದು ಬೇಡ. ಅವನ ಗೆಳೆಯನಿಗೂ ಅದು ಅನ್ಯಾಯ.

ಈಗ ನಿಮ್ಮತ್ತೆಯವರ ಮಾತು. ಇದನ್ನು ಬರೆಯಲು ಸಂಕೋಚವಾಗುತ್ತದೆ, ಏಕೆಂದರೆ ನನ್ನ ಅಜ್ಜಿಯೂ ಇದನ್ನೇ ಹೇಳುತ್ತಿದ್ದರು. ಮೀನು, ಆಮೆ, ಹಂದಿ, ಅರ್ಧ ಮನುಷ್ಯ, ಕುಳ್ಳ ಮನುಷ್ಯ: ಸಾಲು ನೋಡಿದರೆ ಹೌದಲ್ಲ ಅನ್ನಿಸುತ್ತದೆ. ಆದರೆ ಮೊದಲನೇ ಅವತಾರದ ಕತೆಯನ್ನೇ ಒಮ್ಮೆ ಪೂರ್ತಿ ಕೇಳಿ. ಮನು ಬೊಗಸೆಯಲ್ಲಿ ನೀರು ತೆಗೆದಾಗ ಪುಟ್ಟ ಮೀನೊಂದು ಬರುತ್ತದೆ, ಕಾಪಾಡು ಎನ್ನುತ್ತದೆ. ಪಾತ್ರೆಯಲ್ಲಿಟ್ಟರೆ ಪಾತ್ರೆ ಸಾಲದಷ್ಟು ಬೆಳೆಯುತ್ತದೆ, ಆಮೇಲೆ ಕೆರೆ, ಆಮೇಲೆ ಸಮುದ್ರ. ಪ್ರಳಯ ಬಂದಾಗ ಮನುವಿನ ದೋಣಿಯನ್ನು ತನ್ನ ಕೊಂಬಿಗೆ ಕಟ್ಟಿಸಿಕೊಂಡು ದಾಟಿಸುತ್ತದೆ. ಅಂದರೆ ಮೀನಿನ ಅವತಾರದ ಹೊತ್ತಿಗೇ ಮನುಷ್ಯ ಇದ್ದಾನೆ! ಅವತಾರ ಎಂದರೆ ಒಬ್ಬನೇ ದೇವರು ಬೇರೆ ಬೇರೆ ರೂಪದಲ್ಲಿ ಇಳಿದು ಬರುವುದು. ಮೀನಿಗೆ ಆಮೆ ಹುಟ್ಟಿತು, ಆಮೆಗೆ ಹಂದಿ ಹುಟ್ಟಿತು ಎಂದು ಯಾವ ಪುರಾಣವೂ ಹೇಳುವುದಿಲ್ಲ. ಈ ಹೋಲಿಕೆ ಬಂದದ್ದೇ ಡಾರ್ವಿನ್ 1859ರಲ್ಲಿ ಬರೆದ ಮೇಲೆ. ಥಿಯಾಸಫಿಯ ಮೇಡಂ ಬ್ಲಾವಟ್ಸ್ಕಿ 1877ರಲ್ಲಿ, ಬ್ರಹ್ಮಸಮಾಜದ ಕೇಶವಚಂದ್ರ ಸೇನರು 1882ರಲ್ಲಿ ಇದನ್ನು ಹೇಳಿದರು. ವಸಾಹತು ಕಾಲದಲ್ಲಿ ನಮ್ಮ ಹಿರಿಯರಿಗೆ ಅದೊಂದು ಸಮಾಧಾನ ಕೊಟ್ಟಿರಬೇಕು, ಅದು ನನಗೆ ಅರ್ಥವಾಗುತ್ತದೆ.

ಇದರಲ್ಲಿರುವ ಅಪಾಯ ಏನೆಂದರೆ, ಪುರಾಣದ ಮರ್ಯಾದೆಯನ್ನು ನಾವು ವಿಜ್ಞಾನದ ಕೈಗೆ ಕೊಡುತ್ತೇವೆ. ಆಮೆಗಿಂತ ಮೊದಲು ಕಪ್ಪೆಯ ಬಗೆಯ ಪ್ರಾಣಿಗಳು ಬರಬೇಕಿತ್ತಲ್ಲ ಎಂದು ಮಗ ನಾಳೆ ಕೇಳಿದರೆ ಅಜ್ಜಿಯ ದಶಾವತಾರ ಸೋತಂತಾಗುತ್ತದೆ. ಸೋಲಬೇಕಾದ ಯಾವ ಸ್ಪರ್ಧೆಯಲ್ಲೂ ಅದು ಇರಲಿಲ್ಲ. ನೋಹನ ಹಡಗಿನಲ್ಲಿ ಡೈನೋಸಾರ್ ಕೂರಿಸಿದವರು ಮಾಡಿದ್ದೂ ಇದನ್ನೇ. ಒಬ್ಬ ಭಕ್ತ ನೋಹನ ಕತೆಯಿಂದ ಪಡೆಯುವುದಕ್ಕೆ ಅಲ್ಲಿ ಡೈನೋಸಾರ್ ಬೇಕಿಲ್ಲ. ನಾವು ಅವರಿಗಿಂತ ಬೇರೆ ಎಂದು ಹೇಳಿಕೊಳ್ಳುವ ಸ್ಥಿತಿಯೂ ಈಗ ಇಲ್ಲ. ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಿಕರು ಯಾರೂ ಕಂಡಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು ಎಂದು 2018ರಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಹೇಳಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆಯಬೇಕಾಯಿತು. ಎನ್‌ಸಿಇಆರ್‌ಟಿ ಹತ್ತನೇ ತರಗತಿಯ "ಅನುವಂಶೀಯತೆ ಮತ್ತು ವಿಕಾಸ" ಅಧ್ಯಾಯದಿಂದ ವಿಕಾಸವನ್ನು ಕೈಬಿಟ್ಟದ್ದಕ್ಕೆ 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೇ ತರಗತಿಯಲ್ಲಿ ಅದು ಇದೆ, ಆದರೆ ಹತ್ತರ ನಂತರ ವಿಜ್ಞಾನ ಬಿಡುವ ಮಕ್ಕಳಿಗೆ ಅದು ಸಿಗುವುದೇ ಇಲ್ಲ. ನನಗೆ ಇದು ನಿಜವಾಗಿ ನೋವಿನ ವಿಷಯ.

ನಿಮ್ಮ ಮಗನ ಪ್ರಶ್ನೆಗೆ ಬರೋಣ. ಮೊದಲು ನನ್ನದೇ ಒಂದು ತಪ್ಪು ಹೇಳಬೇಕು. ಪಾಠ ಶುರು ಮಾಡಿದ ಎರಡನೇ ವರ್ಷ, ಹಳ್ಳಿಯಿಂದ ಬಂದ ಒಬ್ಬ ಹುಡುಗ ಎದ್ದು ನಿಂತು "ಮೇಡಂ, ಪರೀಕ್ಷೆಗೆ ಬರೀತೀನಿ, ಆದರೆ ನಂಬಲ್ಲ" ಅಂದ. ನಾನು ಎಲ್ಲರೆದುರು ಅವನ ಹಣೆಯ ವಿಭೂತಿಯ ಬಗ್ಗೆ ಒಂದು ಮಾತು ಆಡಿದೆ. ತರಗತಿ ನಕ್ಕಿತು. ಅವನು ಮತ್ತೆ ನನ್ನ ತರಗತಿಯಲ್ಲಿ ಬಾಯಿಬಿಡಲಿಲ್ಲ, ಮುಂದಿನ ವರ್ಷ ಬೇರೆ ವಿಷಯ ತೆಗೆದುಕೊಂಡ. ನಾನು ಹೇಳಬೇಕಾಗಿದ್ದದ್ದು ಇಷ್ಟೇ: "ನಂಬು ಅಂತ ನಾನು ಕೇಳ್ತಿಲ್ಲಪ್ಪಾ. ಸಾಕ್ಷಿ ಇಲ್ಲಿದೆ, ನೋಡು. ನಿನ್ನ ದೇವರನ್ನು ಇದರ ಎದುರು ನಿಲ್ಲಿಸು ಅಂತಲೂ ನಾನು ಹೇಳ್ತಿಲ್ಲ."

ಮಗನಿಗೆ ನೀವು ಹೇಳಬಹುದಾದದ್ದೂ ಅದೇ ಜಾಡಿನದು. ಜೀವಿಗಳು ಹೇಗೆ ಬದಲಾದವು ಎನ್ನುವುದಕ್ಕೆ ವಿಕಾಸದಲ್ಲಿ ಉತ್ತರವಿದೆ. ಇದೆಲ್ಲ ಏಕೆ ಇದೆ, ನಾವು ಯಾರಿಗೆ ಋಣಿ, ದೀಪದ ಮುಂದೆ ನಿಂತಾಗ ಮನಸ್ಸು ಯಾಕೆ ತಣ್ಣಗಾಗುತ್ತದೆ ಎಂದರೆ ಅದು ನನ್ನ ಲ್ಯಾಬಿನ ಸೀಸೆಗಳಿಗೆ ಹಾಕುವ ಪ್ರಶ್ನೆಯಲ್ಲ. ಋಗ್ವೇದದ ನಾಸದೀಯ ಸೂಕ್ತ ಸೃಷ್ಟಿಯ ಬಗ್ಗೆಯೇ ಇರುವುದು. ಇದು ಎಲ್ಲಿಂದ ಬಂತೋ ಪರಮ ವ್ಯೋಮದಲ್ಲಿರುವ ಆ ಅಧ್ಯಕ್ಷನಿಗೆ ಗೊತ್ತು, ಅಥವಾ ಅವನಿಗೂ ಗೊತ್ತಿಲ್ಲವೇನೋ ಎಂದು ಅದು ಮುಗಿಯುತ್ತದೆ. ಅಷ್ಟು ದೊಡ್ಡ "ಗೊತ್ತಿಲ್ಲ"ವನ್ನು ಇಟ್ಟುಕೊಂಡೇ ನಮ್ಮವರು ಕೈಮುಗಿದಿದ್ದಾರೆ ಎಂದು ಅವನಿಗೆ ಹೇಳಿ.

ಆದರೆ ಎರಡರ ನಡುವೆ ಘರ್ಷಣೆಯೇ ಇಲ್ಲ ಎಂದು ಭರವಸೆ ಕೊಡಬೇಡಿ, ಅದು ಸುಳ್ಳಾಗುತ್ತದೆ. ಪ್ರಕೃತಿಯಲ್ಲಿ ಇಷ್ಟೊಂದು ನೋವು, ಇಷ್ಟೊಂದು ಸಾವು ಇರುವಾಗ ದಯಾಮಯನಾದ ದೇವರು ಹೇಗೆ ಎಂದು ಡಾರ್ವಿನ್ ಕೂಡ ತೊಳಲಾಡಿದ. ಹತ್ತು ವರ್ಷದ ಮಗಳು ಆ್ಯನಿ 1851ರಲ್ಲಿ ತೀರಿಕೊಂಡಳು. ಕೊನೆಗೆ ಅವನು ತನ್ನನ್ನು ಅಜ್ಞೇಯವಾದಿ, ಅಂದರೆ ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು, ಎಂದು ಕರೆದುಕೊಂಡ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈ ವಿಷಯ ಓದಿ ನಂಬಿಕೆ ಬಿಟ್ಟಿದ್ದಾರೆ, ಕೆಲವರ ಭಕ್ತಿ ಇನ್ನಷ್ಟು ಆಳವಾಗಿದೆ. ನಿಮ್ಮ ಮಗ ಯಾವ ಕಡೆ ಹೋಗುತ್ತಾನೋ ನಾನು ಹೇಳಲಾರೆ. "ಎರಡರಲ್ಲಿ ಒಂದನ್ನು ಆರಿಸಿಕೋ" ಎಂದು ಮನೆಯಲ್ಲಿ ಯಾರೂ ಅವನನ್ನು ಒತ್ತದಿದ್ದರೆ ಸಾಕು. ಒತ್ತಿದರೆ, ಹದಿನಾಲ್ಕು ವರ್ಷದ ಹುಡುಗರು ಆರಿಸಿಯೇಬಿಡುತ್ತಾರೆ, ಆಮೇಲೆ ನಿಮ್ಮ ಜೊತೆ ಆ ಮಾತೇ ಎತ್ತುವುದಿಲ್ಲ.

ಟೀಚರ್ ವಿಷಯ. ನಿಮ್ಮ ರಾಜ್ಯದಲ್ಲಿ 2012ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ ವೈಜ್ಞಾನಿಕ ಸಿದ್ಧಾಂತಗಳ ಬಲ, ದೌರ್ಬಲ್ಯ ಎರಡನ್ನೂ ಚರ್ಚಿಸಲು ಶಿಕ್ಷಕರಿಗೆ ಅವಕಾಶವಿದೆ. ಆದ್ದರಿಂದ "ಎರಡೂ ಕಡೆ ವಾದ ಇದೆ" ಎಂಬ ಒಂದು ಮಾತಿಗೆ ದೂರು ಕೊಟ್ಟರೆ ನಿಲ್ಲುವುದು ಕಷ್ಟ. ಸೃಷ್ಟಿವಾದವನ್ನೇ ವಿಜ್ಞಾನವೆಂದು ಪಾಠ ಮಾಡಿದರೆ ಮಾತು ಬೇರೆ, ಆಗ ಕೋರ್ಟಿನ ತೀರ್ಪುಗಳು ನಿಮ್ಮ ಪರವಾಗಿವೆ. ಲಿಖಿತ ದೂರಿನ ಅಪಾಯ ನಿಮಗೆ ಗೊತ್ತಿರುವುದೇ: ಸಣ್ಣ ಊರು, ಹೊರಗಿನಿಂದ ಬಂದ ಮನೆ, ತರಗತಿಯಲ್ಲಿ ಹುಡುಗನ ಮೇಲೆ ಬೀಳುವ ಕಣ್ಣು. ಸುಮ್ಮನಿದ್ದು ಮನೆಯಲ್ಲೇ ಕಲಿಸಿದರೆ ಆ ಅಪಾಯವಿಲ್ಲ. ಆದರೆ "ವಿಕಾಸ ನಮ್ಮ ಮನೆಯ ಅಭಿಪ್ರಾಯ, ಅವರ ಮನೆಯದು ಬೇರೆ" ಎಂದು ಅವನು ತಿಳಿಯಬಹುದು. ನಾನಾದರೆ ಮೊದಲು ಒಬ್ಬಳೇ ಹೋಗಿ ಟೀಚರನ್ನು ಕಂಡು, ರಾಜ್ಯದ ಪಠ್ಯಕ್ರಮದಲ್ಲಿ ಈ ಭಾಗಕ್ಕೆ ಏನೇನಿದೆ, ಮಗ ಇನ್ನೂ ಓದಬೇಕೆಂದರೆ ಏನು ಕೊಡುತ್ತೀರಿ ಎಂದು ಕೇಳುತ್ತಿದ್ದೆ. ಎಷ್ಟೋ ಶಿಕ್ಷಕರು ವಿಷಯ ಗೊತ್ತಿದ್ದೂ, ಪೋಷಕರ ಸಿಟ್ಟಿಗೆ ಹೆದರಿ ಬೇಗ ಮುಗಿಸುತ್ತಾರೆ. ಇನ್ನೂ ಕಲಿಸಿ ಎನ್ನುವ ಒಬ್ಬ ತಾಯಿ ಬಂದದ್ದು ಟೀಚರಿಗೇ ಧೈರ್ಯ ಕೊಟ್ಟೀತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಶಾಲಾ ಮಕ್ಕಳಿಗೆಂದೇ ವಿಕಾಸದ ಪಾಠಗಳನ್ನು ಉಚಿತವಾಗಿ ಇಟ್ಟಿದೆ, ಅದು ಮನೆಗೆ ಸಾಕು. "ಮಾರ್ಕ್ಸ್ ಬಂದರೆ ಸಾಕು" ಎನ್ನುವ ನಿಮ್ಮ ಯಜಮಾನರಿಗೆ ಹೇಳಿ, ಮುಂದೆ ಅವನು ವೈದ್ಯಕೀಯವನ್ನೋ ಕೃಷಿಯನ್ನೋ ಓದಿದರೆ ಔಷಧಿಗೆ ಬಗ್ಗದ ರೋಗಾಣು, ವಿಷಕ್ಕೆ ಬಗ್ಗದ ಕೀಟ ಎರಡೂ ವಿಕಾಸದ ಪಾಠವೇ ಆಗಿರುತ್ತವೆ.

ಕೊನೆಯದಾಗಿ, ನಿಮ್ಮ ರಾಜ್ಯದ ಪೂರ್ವ ತುದಿಯಲ್ಲಿ, ಚಟನೂಗಾದಿಂದ ಮೂರು ಗಂಟೆಗೂ ಹೆಚ್ಚಿನ ದಾರಿಯಲ್ಲಿ, ಗ್ರೇ ಎಂಬ ಊರಿದೆ. ಅಲ್ಲಿ 2000ರಲ್ಲಿ ರಸ್ತೆ ಅಗಲ ಮಾಡಲು ಅಗೆಯುವಾಗ ಕಪ್ಪು ಜೇಡಿಮಣ್ಣಿನಲ್ಲಿ ಮೂಳೆಗಳು ಸಿಕ್ಕವು. ಸುಮಾರು 50 ಲಕ್ಷ ವರ್ಷದ ಹಿಂದೆ ಅಲ್ಲೊಂದು ಕೊಳವಿತ್ತು. ಹಂದಿಯಂತೆ ಕಾಣುವ, ಪುಟ್ಟ ಸೊಂಡಿಲಿನ ಟೇಪಿರ್‌ಗಳ ಹಿಂಡು ಹಿಂಡೇ ಅಲ್ಲಿ ಹೂತುಹೋಗಿದೆ. ನಮ್ಮ ಹಿಮಾಲಯದ ಕೆಂಪು ಪಾಂಡಾಕ್ಕೆ ದಾಯಾದಿಯಾದ ಪ್ರಾಣಿಯೂ ಸಿಕ್ಕಿದೆ. ಮೂಳೆ ಸಿಕ್ಕ ಜಾಗದಲ್ಲೇ ಮ್ಯೂಸಿಯಂ ಮಾಡಿದ್ದಾರೆ, ಅಗೆಯುವುದನ್ನು ನೋಡಲು ಯಾವ ತಿಂಗಳು ಒಳ್ಳೆಯದು ಎಂದು ಫೋನ್ ಮಾಡಿ ವಿಚಾರಿಸಿಕೊಳ್ಳಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಮಗನ ಗೆಳೆಯನನ್ನೂ ಕರೆಯಿರಿ. ಅವರು ನಿಮ್ಮ ಮಗನನ್ನು ಹಡಗು ತೋರಿಸಲು ಪ್ರೀತಿಯಿಂದ ಕರೆದುಕೊಂಡು ಹೋಗಿದ್ದಾರೆ. ದಾರಿಯುದ್ದಕ್ಕೂ ವಾದ ಬೇಡ. ಹಿಂದಿನ ಸೀಟಿನಲ್ಲಿ ಕೂತು ಅತ್ತೆಯವರು ಆ ಇಬ್ಬರು ಹುಡುಗರಿಗೆ ಮನುವಿನ ಬೊಗಸೆಗೆ ಬಂದ ಮೀನಿನ ಕತೆಯನ್ನು ಪೂರ್ತಿ ಹೇಳಲಿ, ದೋಣಿಯ ತನಕ.